ಕುಟುಂಬ: ಮಾಲ್ವೇಸೀ

ಹಾಳೆಯ ಬಲಮೂಲೆಗೆ ಚೀಟಿ ಅಂಟಿಸುವುದು ನನ್ನ ಕೆಲಸ.
ಮೊದಲ ಸಾಲು ಕುಟುಂಬ. ಆಮೇಲೆ ಗಿಡದ ಹೆಸರು,
ಸಿಕ್ಕ ಜಾಗ, ತಾರೀಖು, ಕಿತ್ತವರು.
ಇಪ್ಪತ್ತಾರು ವರ್ಷ, ಕಿತ್ತವರ ಸಾಲಿನಲ್ಲಿ
ನನ್ನ ಹೆಸರು ಬಂದಿಲ್ಲ. ಕಿತ್ತವಳು ನಾನೇ,
ಹದಡಿ ರಸ್ತೆಯ ಚಾನಲ್ ಏರಿಯ ಮೇಲೆ
ಚಪ್ಪಲಿ ಕೈಯಲ್ಲಿ ಹಿಡಿದು.

ಅಸ್ಮತ್ ಮೇಡಂ ಹೇಳಿದ್ದು:
ಮಾಲ್ವ ಅಂದರೆ ಲ್ಯಾಟಿನ್ನಿನಲ್ಲಿ ಒಂದು ಬಡಗಿಡ,
ಬೇಲಿಯಂಚಿನದು. ಎಲೆ ಅರೆದು ಕಟ್ಟಿದರೆ ಬಾವು ಇಳಿದೀತು.
ಮೆತ್ತಗೆ ಮಾಡುವುದು ಅದರ ಗುಣ,
ಹೆಸರೂ ಅಲ್ಲಿಂದಲೇ ಬಂತು ಅಂತಾರೆ ಕೆಲವರು.
ಅದಕ್ಕೊಂದು ಬಾಲ ಅಂಟಿಸಿ, ಮಾಲ್ವೇಸೀ.
ಅಂದರೆ? ಅಂದೆ.
'ಅವರ ಪೈಕಿ' ಅಂತೀರಲ್ಲ ನೀವು, ಅಷ್ಟೇ ಈರಕ್ಕ.

ಅದೇ ಹೆಸರು ಫ್ರಾನ್ಸಿಗೆ ಹೋಗಿ ಬಣ್ಣವಾಯಿತಂತೆ.
ಚೌಕಿಪೇಟೆಯ ಅಂಗಡಿಯವನು ತಿಳಿನೇರಳೆ ಸೀರೆ ಬಿಚ್ಚಿ
'ಮೋವ್ ಕಲರ್ ಅಕ್ಕಾ' ಅಂದಾಗ
ಬೇಲಿಗಿಡವೇ ನೆನಪಾಗಿ ನಕ್ಕೆ; ಅವನು ರೇಟಿಗೆ ನಕ್ಕೆ ಅಂದುಕೊಂಡ.

ಅವರ ಪೈಕಿ ಯಾರ್ಯಾರು? ಪೆನ್ಸಿಲ್ಲಿನಲ್ಲಿ ಬರಕೊಂಡೆ.
ಬೆಂಡೆ. ದಾಸವಾಳ. ತಳ್ಳುಗಾಡಿಯ ಪುಂಡಿಸೊಪ್ಪು.
ಹುಡುಗರು ಅಂಗೈಗೆ ಒತ್ತಿ ಮುದ್ರೆ ಹಾಕಿಕೊಳ್ಳುವ ತುತ್ತಿಕಾಯಿ.
ಹತ್ತಿ.
ಅಲ್ಲಿ ನಿಂತಿತು ಪೆನ್ಸಿಲ್ಲು.

ನಮ್ಮಪ್ಪ ಚಿತ್ತಯ್ಯ ಜಗಳೂರು ಸೀಮೆಯ ಒಂದು ಹಟ್ಟಿಯಿಂದ
ಮಿಲ್ಲಿಗೆ ಬಂದವನು. ಗೇಟಿನಲ್ಲಿ ಮನೆತನದ ಹೆಸರು ಕೇಳಿದರು.
ಅದು ಅವನ ಹತ್ತಿರ ಇರಲಿಲ್ಲ.
ಎಲ್ಲಿಯವನು ಅಂತ ಕೇಳಿದರೇನೋ ಅಂದುಕೊಂಡು
'ಹಟ್ಟಿ, ಸಾಮಿ' ಅಂದ.
ಗುಮಾಸ್ತ ಇಂಗ್ಲಿಷಿನಲ್ಲಿ ಬರೆದ. ಆ ಅಕ್ಷರಮಾಲೆಯಲ್ಲಿ
ಟಕಾರ ತಕಾರಕ್ಕೆ ಒಂದೇ ಗೂಡು.
ಅದನ್ನು ಕನ್ನಡಕ್ಕೆ ಇಳಿಸಿದ ಮುಂದಿನವನು
ಕಿಟಕಿಯಾಚೆ ನೋಡಿರಬೇಕು:
ಅಂಗಳದ ತುಂಬ ಬೇಲುಗಳು.
ಹತ್ತಿ ಚಿತ್ತಯ್ಯ ಅಂತ ಬರೆದ.

ಅಪ್ಪ ಆ ಹೆಸರನ್ನು ಇಪ್ಪತ್ತು ವರ್ಷ ಉಸಿರಾಡಿದ.
ಭಾನುವಾರ ಹಗುರ. ಸೋಮವಾರ ಸೈರನ್ ಆದಮೇಲೆ
ಎದೆ ಬಿಗಿದು ಗೋಡೆ ಹಿಡಿದು ನಿಲ್ಲುವನು.
ಅವ್ವ ದಾಸವಾಳದೆಲೆ ಕಿವುಚಿ, ಲೋಳೆ ತೆಗೆದು
ರಾತ್ರಿ ಎದೆಗೆ ಸವರುವಳು.
ಹತ್ತಿ ಕಟ್ಟಿದ್ದನ್ನು ದಾಸವಾಳ ಬಿಡಿಸಲಿ ಅಂತ.
ಎರಡೂ ಒಂದೇ ಮನೆಯವು ಅಂತ
ಅವಳಿಗೆ ಹೇಳುವವರು ಯಾರಿದ್ದರು.

ಆಮೇಲೆ ಮಿಲ್ಲು ಮುಚ್ಚಿತು. ಹೆಸರು ಉಳಿಯಿತು.

ಹೋದ ಬೇಸಿಗೆ ಹೊಸ ಪುಸ್ತಕ ಬಂತು.
ಬೂರುಗಕ್ಕೆ ಬೇರೆ ಮನೆತನವಿತ್ತು, ಈಗ ಇಲ್ಲ, ಇದರೊಳಗೆ.
ಗೋಣಿಯ ಸೆಣಬೂ ಬಂತು, ಚಾಕೊಲೇಟಿನ ಕೋಕೋ ಕೂಡ.
ನೂರಾ ಹದಿನಾಲ್ಕು ಹಾಳೆಗೆ ಹೊಸ ಚೀಟಿ,
ರಜೆಯೆಲ್ಲ ಬೆರಳಿಗೆ ಗೋಂದು.
ತವರಿನ ಹೆಸರು ಬಿಟ್ಟು ಬಂದ ಸೊಸೆಯರು;
ಒಬ್ಬರೂ ಅಫಿಡವಿಟ್ ಕೊಡಲಿಲ್ಲ.

ನಾನು ಕೊಡಬೇಕಾಯಿತು. ಈ ತಿಂಗಳು ನಿವೃತ್ತಿ.
ಸರ್ವೀಸ್ ಪುಸ್ತಕದಲ್ಲಿ ಹಟ್ಟಿ, ಆಧಾರಿನಲ್ಲಿ ಹತ್ತಿ.
ನೋಟರಿ ಕನ್ನಡಕದ ಮೇಲಿಂದ ನೋಡಿ
'ಎರಡರಲ್ಲಿ ಸರಿ ಯಾವುದಮ್ಮ?'
ಗಿಡಕ್ಕೆ ಎರಡು ಹೆಸರಿದ್ದರೆ, ಸಾರ್,
ಹಳೆಯದನ್ನು ಕೆಳಗೆ ಸಣ್ಣಗೆ ಬರೆಯುತ್ತೇವೆ.
ಹರಿದು ಎಸೆಯುವುದಿಲ್ಲ.
ಅವರಿಗೆ ಅರ್ಥವಾಗಲಿಲ್ಲ. ಇನ್ನೂರು ರೂಪಾಯಿ ತಗೊಂಡು
'ಸದರಿ ಎರಡೂ ಹೆಸರಿನವಳು ನಾನೊಬ್ಬಳೇ' ಅಂತ ಟೈಪು ಮಾಡಿ
ಮುದ್ರೆ ಒತ್ತಿದರು. ತುತ್ತಿಕಾಯಿಯ ಹಾಗೇ, ದುಂಡಗೆ, ಅಂಚು ಹಲ್ಲುಹಲ್ಲಾಗಿ.

ಸಂಜೆ ಮುಚ್ಚಿದ ಮಿಲ್ಲಿನ ಹಿಂಗೋಡೆಯ ಬುಡದಲ್ಲಿ
ಒಂದು ತುತ್ತಿ ಕಿತ್ತೆ, ಬೇರು ಸಮೇತ.
ಹಳೇ ಪೇಪರಿನ ನಡುವೆ ಒತ್ತಿಟ್ಟೆ ವಾರ.
ಇವತ್ತು ಚೀಟಿ ಬರೆದೆ.
ಕುಟುಂಬ, ಹೆಸರು, ಜಾಗ, ತಾರೀಖು.
ಕಿತ್ತವರು: ಈರಕ್ಕ,
ಚಿತ್ತಯ್ಯನ ಪೈಕಿ.

ಮೇಡಂ ನೋಡಿದರೆ ಏನಂತಾರೋ.
ಗೋಂದು ಇನ್ನೂ ಹಸಿ ಇದೆ.